ರ‍್ಯಾಕ್ ವಾಲಿದ್ರೆ ಹಿಡಿಯಕ್ ಹೋಗ್ಬೇಡಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮೊಬೈಲು, ಲ್ಯಾಪ್‌ಟಾಪು ಎಲ್ಲಾ ಪಕ್ಕಕ್ಕಿಟ್ಟು ಬರೀ ರ‍್ಯಾಕಿಂದೇ ಆರಿಸ್ಕೊಂಡಿದೀನಿ. ಯಾಕಂದ್ರೆ ಮೊದಲು ದೊಡ್ಡ ಕಂಪನಿಗಳಲ್ಲಿ ಮಾತ್ರ ಇರ್ತಿದ್ದ ಸರ್ವರ್ ಅನ್ನೋ ದೊಡ್ಡ ಕಂಪ್ಯೂಟರ್, ನೆಟ್‌ವರ್ಕ್ ಸಾಮಾನು ಜೋಡಿಸೋ ಈ ಕಬ್ಬಿಣದ ಪೆಟ್ಟಿಗೆ ಈಗ ಕಲ್ಯಾಣ ಮಂಟಪದಿಂದ ಹಿಡಿದು ಸೊಸೈಟಿ ಆಫೀಸ್ ತನಕ ಬಂದು ನಿಂತಿದೆ, ಕೂರಿಸೋರು ಮಾತ್ರ ಇನ್ನೂ ಮದುವೆ ಬೀರು ಕೂರಿಸಿದ ಹಾಗೇ ಕೂರಿಸ್ತಾರೆ.

ಪ್ರಶ್ನೆ: ಅಣ್ಣ, ನಮ್ ಸೊಸೈಟಿಗೆ ಸೆಕೆಂಡ್ ಹ್ಯಾಂಡ್ 42 ಯು (ಯು ಅಂದ್ರೆ ಎತ್ತರದ ಅಳತೆ) ರ‍್ಯಾಕ್ ಬಂದದೆ. ಎರಡು ಸರ್ವರು, ಒಂದು ನೆಟ್‌ವರ್ಕ್ ಸ್ವಿಚ್ಚು, ಒಂದು ಯುಪಿಎಸ್ಸು ಒಳಕ್ಕೆ ಹಾಕ್ಬೇಕು. ಕೆಳಗಡೆ ಇಲಿ ಕಾಟ ಅದೆ, ಯುಪಿಎಸ್ಸ ಮೇಲ್ಗಡೆ ಇಟ್ಬುಡವ ಅಂತವ್ನೆ ನಮ್ ಎಲೆಕ್ಟ್ರಿಷಿಯನ್ನು. ಇಡ್ಬೋದಾ?
— ಸೊಸೈಟಿ ಗುಮಾಸ್ತರು, ಮಂಡ್ಯ ತಾಲ್ಲೂಕು

ಉತ್ತರ: ಬೇಡ ಕಣಣ್ಣ. ಇಲಿಗೆ ಬೋನು ಇಡಿ, ಯುಪಿಎಸ್ಸನ್ನ ತಳದಲ್ಲೇ ಇಡಿ. ಬ್ಯಾಟರಿ ಒಳಗೇ ಇರೋ 3 ಕೆವಿಎ ಯುಪಿಎಸ್ ಅಂದ್ರೆ 25 ಕೆಜಿ ಅಕ್ಕಿ ಮೂಟೆಗಿಂತ ಭಾರ, ಅದನ್ನ ಆರಡಿ ಎತ್ತರದಲ್ಲಿ ಕೂರಿಸಿ ಕೆಳಗೆ ಖಾಲಿ ಬಿಟ್ರೆ ಏನಾಗುತ್ತೆ ಅಂತ ನಿಮ್ಮೂರಿನ ಗಾಡಿ ಹೊಡೆಯೋರನ್ನ ಕೇಳಿ, ನನಗಿಂತ ಚೆನ್ನಾಗಿ ಹೇಳ್ತಾರೆ. ಎತ್ತಿನ ಗಾಡಿಗೆ ಕಬ್ಬು ತುಂಬುವಾಗ ಹಿಂಭಾರ ಆದ್ರೆ ಮೂಕಿ ಮೇಲಕ್ಕೆ ಏಳುತ್ತಲ್ಲ, ರ‍್ಯಾಕ್ ಬೀಳೋದೂ ಅದೇ ಲೆಕ್ಕ. ಸರ್ವರನ್ನ ಡ್ರಾಯರ್ ಥರ ರೈಲ್ ಮೇಲೆ ಪೂರ್ತಿ ಮುಂದಕ್ಕೆ ಎಳೆದಾಗ ಅದರ ಭಾರ ಎಲ್ಲಾ ರ‍್ಯಾಕಿನ ಪಾದ ದಾಟಿ ಆಚೆ ಬಂದಿರುತ್ತೆ, ಖಾಲಿ ರ‍್ಯಾಕ್ ಅದನ್ನ ತಡೆಯಲ್ಲ.

ನಾನೇ ನೋಡಿದೀನಿ. ಮೈಸೂರಿನ ಒಂದು ಆಫೀಸಲ್ಲಿ, ಯಾವುದು ಅಂತ ಬೇಡ ಬಿಡಿ, ಎರಡು ಸರ್ವರ್ ಮೇಲ್ಗಡೆ ಹಾಕಿ ಅವೆರಡನ್ನೂ ಒಟ್ಟಿಗೆ ಹೊರಗೆ ಎಳೆದಿದ್ರು, ನನ್ನ ಜೊತೆ ಇದ್ದ ಹುಡುಗ ರ‍್ಯಾಕ್ ಮುಂದಕ್ಕೆ ವಾಲಿದ್ದು ನೋಡಿ ಹಿಡಿಯಕ್ಕೆ ಕೈ ಕೊಟ್ಟ, ನಾನು ಅವನ ಶರ್ಟ್ ಕಾಲರ್ ಹಿಡಿದು ಎಳೆದೆ. ರ‍್ಯಾಕ್ ಎದುರಿನ ಟೇಬಲ್ ಮೇಲೆ ಬಿತ್ತು, ಟೇಬಲ್ ಎರಡು ತುಂಡಾಯ್ತು, ಸರ್ವರು ಹೋದ್ವು. ಹುಡುಗ ಈಗ ದುಬೈಯಲ್ಲಿ ಚೆನ್ನಾಗಿದಾನೆ. ಅವತ್ತಿಂದ ನಾನು ಹೋದಲ್ಲೆಲ್ಲಾ ಮೊದಲು ಹೇಳೋ ಮಾತು ಒಂದೇ, ವಾಲಿದ್ರೆ ಪಕ್ಕಕ್ಕೆ ಹಾರಿ, ಹಿಡಿಯಕ್ ಹೋಗ್ಬೇಡಿ, ಲಕ್ಷ ರೂಪಾಯಿ ಮಾಲಾದ್ರೂ ಸರಿ.

ಈಗ ಕೆಲಸಕ್ಕೆ ಬರೋಣ. ಚಕ್ರ ಇದೆ ಅಂತ ಚಕ್ರದ ಮೇಲೇ ಬಿಡಬೇಡಿ, ನಾಲ್ಕು ಮೂಲೇಲಿ ತಿರುಗಿಸೋ ಪಾದ ಇರುತ್ತೆ, ಅದನ್ನ ಇಳಿಸಿ ಭಾರ ಅದರ ಮೇಲೆ ಕೂರೋ ಹಾಗೆ ಮಾಡಿ, ರಸಮಟ್ಟ ಇಟ್ಟು ನೋಡಿ. ಮುಂದಕ್ಕೆ ಚಾಚೋ ಸ್ಟೆಬಿಲೈಜರ್ ಕಾಲು ಹಳೇ ರ‍್ಯಾಕಲ್ಲಿ ಕಳೆದುಹೋಗಿರುತ್ತೆ, ಕೊಟ್ಟೋನ ಹತ್ರ ಕೇಳಿ ಇಸ್ಕೊಳ್ಳಿ, ಇಲ್ಲಾಂದ್ರೆ ನೆಲಕ್ಕೆ ಆಂಕರ್ ಬೋಲ್ಟ್ ಹಾಕಿಸಿ. ಮುಂದೆ ನಾಕಡಿ, ಹಿಂದೆ ಮೂರಡಿ ಜಾಗ ಇರ್ಲಿ. ಯುಪಿಎಸ್ ತಳದಲ್ಲಿ, ಅದರ ಮೇಲೆ ಭಾರದ ಸರ್ವರ್, ಹಗುರ ಇರೋ ಸ್ವಿಚ್ ಮೇಲೆ. ತುಂಬೋದು ಕೆಳಗಿಂದ ಮೇಲಕ್ಕೆ, ಬಿಚ್ಚೋದು ಮೇಲಿಂದ ಕೆಳಕ್ಕೆ. ಒಂದು ಸಲಕ್ಕೆ ಒಂದೇ ಸರ್ವರ್ ಹೊರಗೆ ಎಳೀಬೇಕು, ಅದನ್ನ ಒಳಕ್ಕೆ ತಳ್ಳಿದ ಮೇಲೇ ಇನ್ನೊಂದು. ನೀರು ಬರೋ ಜಾಗ ಆದ್ರೆ ಇಡೀ ರ‍್ಯಾಕಿಗೇ ಅಡಿಯಲ್ಲಿ ಸಿಮೆಂಟ್ ಕಟ್ಟೆ ಕಟ್ಟಿಸಿ.

ಎತ್ತೋ ವಿಷಯ. 18 ಕೆಜಿ ದಾಟಿದ್ರೆ ಇಬ್ಬರು, 32 ದಾಟಿದ್ರೆ ಮೂವರು, ಪೆಟ್ಟಿಗೆ ಮೇಲೇ ಆ ಚಿತ್ರ ಹಾಕಿರ್ತಾರೆ, ಯಾರೂ ನೋಡಲ್ಲ. ನಮ್ಮಲ್ಲಿ ಒಬ್ಬನೇ ಎತ್ತೋದು ಗಂಡಸ್ತನ ಅನ್ಕೊಂಡಿರ್ತಾರೆ, ನಲವತ್ತಕ್ಕೆ ಸೊಂಟ ಹಿಡ್ಕೊಂಡು ಕೂತ್ಕೋತಾರೆ. ಎತ್ತೋ ಮುಂಚೆ ಹಾರ್ಡ್ ಡಿಸ್ಕು, ಪವರ್ ಸಪ್ಲೈ ಹೊರಗೆ ತೆಗೆದಿಡಿ, ಸುಮಾರು ತೂಕ ಕಮ್ಮಿ ಆಗುತ್ತೆ. ಆದ್ರೆ ಯಾವ ಡಿಸ್ಕ್ ಯಾವ ಗೂಡಲ್ಲಿತ್ತು ಅಂತ ಪೆನ್ನಲ್ಲಿ ನಂಬರ್ ಬರೆದಿಡಿ, ಅದೇ ಗೂಡಿಗೇ ವಾಪಸ್ ಹೋಗ್ಬೇಕು. ಮುಂದಿರೋ ಹಿಡಿಕೆ ಎಳೆಯಕ್ಕೆ ಮಾತ್ರ, ಎತ್ತಕ್ಕಲ್ಲ, ತಳಕ್ಕೆ ಕೈ ಕೊಟ್ಟೇ ಎತ್ತಿ.

ಕೇಜ್ ನಟ್, ಅಂದ್ರೆ ಚೌಕ ತೂತಿಗೆ ಸಿಕ್ಕಿಸೋ ನಟ್, ಹಾಕೋವಾಗ ಸ್ಕ್ರೂ ಡ್ರೈವರ್ ಜಾರಿ ಬೆರಳು ಹರಿದುಕೊಳ್ಳದೇ ಇರೋ ರ‍್ಯಾಕ್ ಹುಡುಗ ಇಲ್ಲ, ಅದಕ್ಕೇ ಅಂತ ಒಂದು ಸಣ್ಣ ಕೊಕ್ಕೆ ಸಿಗುತ್ತೆ, ತಗೊಳ್ಳಿ. ಇನ್ನೊಂದು, 1 ಯು ಅಂದ್ರೆ 44.45 ಮಿಮೀ, ಅದರಲ್ಲಿ ಮೂರು ತೂತು, ಆದ್ರೆ ತೂತುಗಳ ಅಂತರ ಒಂದೇ ಸಮ ಇಲ್ಲ, 15.9 ಎರಡು ಸಲ, ಆಮೇಲೆ 12.7. ಒಂದು ಯು ಮುಗಿದು ಇನ್ನೊಂದು ಶುರುವಾಗೋದು ಆ ಕಮ್ಮಿ ಅಂತರದ ಮಧ್ಯೆ. ಇದು ಗೊತ್ತಿಲ್ದೆ ಎಡಗಡೆ ರೈಲ್ ಒಂದು ತೂತು ಮೇಲೆ, ಬಲಗಡೆ ಒಂದು ತೂತು ಕೆಳಗೆ ಕೂರಿಸಿ, ಸರ್ವರ್ ಒಳಕ್ಕೆ ಹೋಗ್ತಿಲ್ಲ ಅಂತ ಗುದ್ದಿ ಗುದ್ದಿ ತಳ್ಳಿ, ಆಮೇಲೆ ಹೊರಗೂ ಬರದೆ ಒಳಗೂ ಹೋಗದೆ ಸಿಕ್ಕಿಹಾಕ್ಕೊಂಡಿರೋದನ್ನ ಬಿಡಿಸಕ್ಕೆ ನಾನು ಎಷ್ಟೋ ಕಡೆ ಹೋಗಿದೀನಿ.

ಪ್ರಶ್ನೆ: ಸಾರ್, ನಮ್ಮ ಕೋಚಿಂಗ್ ಸೆಂಟರಲ್ಲಿ ರ‍್ಯಾಕ್ ಬಾಗಿಲು ಮುಟ್ಟಿದ್ರೆ ಜುಮ್ ಅನ್ನುತ್ತೆ. ಚಪ್ಪಲಿ ಹಾಕ್ಕೊಂಡು ಮುಟ್ಟಿ, ಏನಾಗಲ್ಲ ಅಂದ್ರು ವೈರಿಂಗ್ ಮಾಡಿದೋರು.
— ಸರಸ್ವತಿಪುರಂ, ಮೈಸೂರು

ಉತ್ತರ: ಚಪ್ಪಲಿ ಹಾಕ್ಕೊಳ್ಳಿ ಅಂದ್ರೆ ಅರ್ತಿಂಗ್ ಇಲ್ಲ ಅಂತ ಅವರೇ ಒಪ್ಕೊಂಡ ಹಾಗಾಯ್ತಲ್ಲ! ಕಂಪ್ಯೂಟರ್ ಪವರ್ ಸಪ್ಲೈ ಒಳಗೆ ಫಿಲ್ಟರ್ ಕೆಪಾಸಿಟರ್ ಇರುತ್ತೆ, ಅದು ಸ್ವಲ್ಪ ಕರೆಂಟನ್ನ ಯಾವಾಗ್ಲೂ ಲೋಹದ ಬಾಡಿ ಕಡೆಗೆ ಸೋರಿಸ್ತಾನೇ ಇರುತ್ತೆ. ಅದು ಕೆಟ್ಟಿರೋದಲ್ಲ, ಮಾಡಿರೋದೇ ಹಾಗೆ. ಅರ್ತ್ ವೈರ್ ಸರಿ ಇದ್ರೆ ಆ ಸೋರಿಕೆ ಭೂಮಿಗೆ ಹೋಗುತ್ತೆ, ಇಲ್ಲಾಂದ್ರೆ ಬಾಡಿ 230ರಲ್ಲಿ ಅರ್ಧ, ಅಂದ್ರೆ 115 ವೋಲ್ಟ್ ಹತ್ರ ತೇಲ್ತಾ ಕೂತಿರುತ್ತೆ, ನೀವು ಮುಟ್ಟಿದಾಗ ನಿಮ್ಮ ಮೂಲಕ ದಾರಿ ಮಾಡ್ಕೊಳ್ಳುತ್ತೆ. ಒಂದು ಮೆಷೀನಾದ್ರೆ ಜುಮ್ ಅಷ್ಟೇ. ಆದ್ರೆ ರ‍್ಯಾಕಲ್ಲಿ ಎಂಟು ಹತ್ತು ಪವರ್ ಸಪ್ಲೈ ಇರುತ್ತೆ, ಒಂದೊಂದಕ್ಕೂ 3.5 ಮಿಲಿ ಆಂಪಿಯರ್ ತನಕ ಸೋರೋಕೆ ನಿಯಮದಲ್ಲೇ ಅವಕಾಶ ಇದೆ, ಕೂಡಿಸಿ ನೋಡಿ. ಮೈಯಲ್ಲಿ ಹತ್ತು ಮಿಲಿ ಆಂಪಿಯರ್ ದಾಟಿ ಹರಿದ್ರೆ ಹಿಡಿದ ಕೈ ಬಿಡಿಸ್ಕೊಳ್ಳೋದೇ ಕಷ್ಟ.

ಹಾಗಾಗಿ ಇವತ್ತೇ ಎಂಸಿಬಿ ಇಳಿಸಿ, ಬೇರೆ ಎಲೆಕ್ಟ್ರಿಷಿಯನ್ ಕರೆಸಿ. ಟೆಸ್ಟರ್ ಉರೀತು, ಉರೀಲಿಲ್ಲ ಅನ್ನೋ ಮಾತು ಬೇಡ, ಮೀಟರ್ ಹಿಡಿದು ನ್ಯೂಟ್ರಲ್‌ಗೂ ಅರ್ತ್‌ಗೂ ಮಧ್ಯೆ ಎಷ್ಟಿದೆ ಅಂತ ನೋಡ್ಲಿ, ಒಂದೆರಡು ವೋಲ್ಟ್ ಆದ್ರೆ ಪರವಾಗಿಲ್ಲ, ಇಪ್ಪತ್ತು ಮೂವತ್ತು ತೋರಿಸಿದ್ರೆ ಎಲ್ಲೋ ತಪ್ಪಿದೆ. ಸೊನ್ನೆ ಬಂತು ಅಂತ ಖುಷಿ ಪಡಬೇಡಿ, ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್ಲನ್ನ ಅರ್ತ್‌ಗೆ ಸುತ್ತಿಬಿಟ್ಟಿರ್ತಾರೆ, ಅದು ಇನ್ನೂ ಅಪಾಯ, ನ್ಯೂಟ್ರಲ್ ಕಟ್ಟಾದ ದಿನ ಇಡೀ ರ‍್ಯಾಕಿಗೆ ಲೈನೇ ಬರುತ್ತೆ. ಅರ್ತ್ ಗುಂಡಿಗೆ ಇದ್ದಿಲು ಉಪ್ಪು ಹಾಕಿ ಹತ್ತು ವರ್ಷ ಮರೆತಿದ್ರೆ ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿಹೋಗಿರುತ್ತೆ, ನೀರು ಹಾಕಿ. ರ‍್ಯಾಕ್ ಫ್ರೇಮಿಗೂ ಬಾಗಿಲಿಗೂ ಬೇರೇನೇ ಹಸಿರು ವೈರ್ ಬರ್ಬೇಕು, ಪೇಂಟ್ ಮೇಲೇ ಬೋಲ್ಟ್ ಬಿಗಿದ್ರೆ ಪ್ರಯೋಜನ ಇಲ್ಲ, ಕೆರೆದು ಬಿಗೀಬೇಕು.

ಮತ್ತೆ, 6 ಆಂಪಿಯರ್ ಜಂಕ್ಷನ್ ಬಾಕ್ಸಿಗೆ ಇನ್ನೊಂದು ಜಂಕ್ಷನ್ ಬಾಕ್ಸ್ ಸಿಕ್ಕಿಸಿ ಎಲ್ಲಾ ಅದರಲ್ಲೇ ಓಡಿಸ್ತಿದೀರಾ? ನೀವು ಬರೆದಿಲ್ಲ, ಆದ್ರೂ ಕೇಳ್ತಿದೀನಿ. ಒಟ್ಟು 1380 ವ್ಯಾಟ್‌ಗೆ ಅದರ ಕಥೆ ಮುಗೀತು.

ಪ್ರಶ್ನೆ: ಸರ್, ನಾನು ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಯ್ತು. ಸರ್ವರ್ ಒಳಗೆ ರ‍್ಯಾಮ್ ಹಾಕ್ಬೇಕು. ಮುಂದಿನ ಬಟನ್ ಒತ್ತಿ ಆಫ್ ಮಾಡಿದ್ರೆ ಸಾಕು ಅಂತಾರೆ, ಆದ್ರೆ ಹಿಂದೆ ಹಸಿರು ಲೈಟ್ ಉರೀತಾನೇ ಇರುತ್ತೆ. ಭಯ ಆಗುತ್ತೆ.

ಉತ್ತರ: ಭಯ ಆಗಿದ್ದು ಒಳ್ಳೇದೇ ಆಯ್ತಮ್ಮ. ಆ ಲೈಟ್ ನಿಜ ಹೇಳ್ತಿದೆ, ಬಟನ್ ಸುಳ್ಳು ಹೇಳ್ತಿದೆ. ಬಟನ್ ಒತ್ತಿದ್ರೆ ಸರ್ವರ್ ಮಲಗುತ್ತೆ ಅಷ್ಟೇ, ಬೋರ್ಡಿಗೆ ಸ್ಟ್ಯಾಂಡ್‌ಬೈ ಕರೆಂಟ್ ಬರ್ತಾನೇ ಇರುತ್ತೆ. ಹಿಂದೆ ಎರಡು ಪವರ್ ಕಾರ್ಡ್ ಇರುತ್ತೆ, ಎರಡನ್ನೂ ಕಿತ್ತು ಲೈಟ್ ಪೂರ್ತಿ ಆರಿದ ಮೇಲೇ ಮುಚ್ಚಳ ತೆಗಿ. ಒಂದು ಕಿತ್ತು ಇನ್ನೊಂದು ಮರೆಯೋದೇ ಜಾಸ್ತಿ. ಎಳೆಯೋ ಮುಂಚೆ ಕಾರ್ಡನ್ನ ಕೈಯಲ್ಲಿ ಹಿಡಿದು ಕೊನೆ ತನಕ ಹೋಗಿ ನೋಡು. ನಾನು ಒಂದ್ಸಲ ಹಾಗೆ ನೋಡದೆ ಪಕ್ಕದ ಸರ್ವರ್ ಕಾರ್ಡ್ ಕಿತ್ತು ಮಧ್ಯಾಹ್ನ ಎಲ್ಲಾ ಒಂದು ಅಂಗಡಿ ಬಿಲ್ಲಿಂಗ್ ನಿಲ್ಲಿಸಿ ಬೈಸ್ಕೊಂಡಿದೀನಿ, ಅವತ್ತೇ ಎರಡೂ ತುದಿಗೆ ಲೇಬಲ್ ಅಂಟಿಸೋದು ಕಲ್ತೆ.

ಬಳೆ, ಉಂಗುರ, ಸರ ತೆಗೆದಿಡು, ಕೂದಲು ದುಪಟ್ಟಾ ಕಟ್ಕೋ. ಗಂಡು ಹುಡುಗರಿಗೂ ಇದೇ ಮಾತು, ಕೈಯಲ್ಲಿ ಸ್ಟೀಲ್ ಕಡಗ ಹಾಕ್ಕೊಂಡು ಯುಪಿಎಸ್ ಬ್ಯಾಟರಿ ಮುಟ್ಟೋರನ್ನ ಕಂಡಿದೀನಿ. ಎಂಟು ಬ್ಯಾಟರಿ ಸಾಲಾಗಿ ಸೇರಿಸಿದ್ರೆ 96 ವೋಲ್ಟ್ ಡಿಸಿ, ಅದಕ್ಕೆ ಎಂಸಿಬಿ ಇಳಿಸಿದ್ರೂ ಇಳಿಸದಿದ್ರೂ ಒಂದೇ, ಕರೆಂಟ್ ಹೋದ್ರೂ ಅದು ಜೀವಂತ, ಎರಡು ಟರ್ಮಿನಲ್‌ಗೆ ಕಡಗ ತಾಗಿದ್ರೆ ಅಲ್ಲೇ ಬೆಸುಗೆ ಆಗುತ್ತೆ, ಕೈ ಸಮೇತ. ಬ್ಯಾಟರಿ ಕೆಲಸಕ್ಕೆ ನೀನು ಸದ್ಯಕ್ಕೆ ಕೈ ಹಾಕ್ಬೇಡ, ಒತ್ತಾಯ ಮಾಡಿದ್ರೆ ಆಗಲ್ಲ ಅಂತ ಹೇಳು.

ರ‍್ಯಾಮ್ ಮುಟ್ಟೋವಾಗ ಮಣಿಕಟ್ಟಿಗೆ ಮೈಯಲ್ಲಿರೋ ಸ್ಟ್ಯಾಟಿಕ್ ಕರೆಂಟ್ ಇಳಿಸೋ ಇಎಸ್‌ಡಿ ಪಟ್ಟಿ ಕಟ್ಕೋ, ಕ್ಲಿಪ್ಪನ್ನ ಸರ್ವರಿನ ಪೇಂಟ್ ಇಲ್ಲದ ಲೋಹಕ್ಕೆ ಸಿಕ್ಕಿಸು. ಆ ಪಟ್ಟಿ ಕಟ್ಕೊಂಡು ಕರೆಂಟ್ ಇರೋದನ್ನ ಮಾತ್ರ ಮುಟ್ಟಬಾರ್ದು. ಪ್ರೊಸೆಸರ್ ಮೇಲಿರೋ ಹೀಟ್ ಸಿಂಕ್ ಬಿಸಿ ಆರೋಕೆ ಐದು ಹತ್ತು ನಿಮಿಷ ಬಿಡು. ಪವರ್ ಸಪ್ಲೈ ಡಬ್ಬ ಯಾವ ಕಾರಣಕ್ಕೂ ಬಿಚ್ಚಬೇಡ, ಕೆಟ್ಟಿದ್ರೆ ಇಡೀದಾಗಿ ಬದಲಾಯಿಸೋದೇ, ಪವರ್ ಕಾರ್ಡ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಟ್ಟುಕೊಂಡಿರುತ್ತೆ.

ಪ್ರಶ್ನೆ: ಮೊದಲ ಮಹಡೀಲಿ ರ‍್ಯಾಕ್ ಇಡ್ಬೋದಾ? ಅಜ್ಜನ ಕಾಲದ ಮನೆ, ಮದ್ರಾಸ್ ಟೆರೇಸ್, ಅಂದ್ರೆ ಮರದ ತೊಲೆ ಮೇಲೆ ಇಟ್ಟಿಗೆ ಗಾರೆ.
— ಮೈಸೂರು

ಉತ್ತರ: ತುಂಬಿದ 42 ಯು ರ‍್ಯಾಕ್ ಒಂದೊಂದ್ಸಲ ದಸರಾ ಅಂಬಾರಿ ತೂಕಕ್ಕೆ ಹತ್ರ ಬರುತ್ತೆ, ಅದು 750 ಕೆಜಿ. ಅಂಬಾರಿ ಹೊರೋ ಆನೆಗಾದ್ರೆ ಮರಳು ಮೂಟೆ ಹೊರಿಸಿ ವಾರಗಟ್ಟಲೆ ತಾಲೀಮು ಕೊಡ್ತಾರೆ, ನಿಮ್ಮ ಅಜ್ಜನ ಮನೆ ತೊಲೆಗೆ ಯಾರೂ ತಾಲೀಮು ಕೊಟ್ಟಿಲ್ಲ. ಅಷ್ಟೂ ಭಾರ ಬೀಳೋದು ನಾಲ್ಕು ಪಾದದ ಮೇಲೆ. ಕೆಳಗೆ ಇಡಿ. ಮೇಲೇ ಬೇಕು ಅಂದ್ರೆ ಸಿವಿಲ್ ಇಂಜಿನಿಯರ್ ಕೈಲಿ ನೋಡಿಸಿ, ನನ್ನ ಮಾತು ಸಾಲಲ್ಲ. ಗೋಡೆಗೆ ನೇತು ಹಾಕೋ 6 ಯು ಪೆಟ್ಟಿಗೆ ಸಿಸಿಟಿವಿಗೆ ಸಾಕಾಗುತ್ತೆ, ಆದ್ರೆ ಮಣ್ಣಿನ ಗಾರೆ ಗೋಡೇಲಿ ಪ್ಲಾಸ್ಟಿಕ್ ಬಿರಡೆ ನಿಲ್ಲಲ್ಲ, ಅದರೊಳಗೆ ಯುಪಿಎಸ್ ಅಂತೂ ಇಡಲೇಬೇಡಿ.

ಪ್ರಶ್ನೆ: ಭಾನುವಾರ ಎಸಿ ಆಫ್ ಮಾಡ್ತಾರೆ, ಸರ್ವರ್ ಬಿಸಿ ಆಗ್ಬಾರ್ದು ಅಂತ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟಿದೀವಿ, ಸರೀನಾ?
— ಮದ್ದೂರು

ಉತ್ತರ: ಮುಚ್ಚಳ ಹಾಕಿ ಸ್ವಾಮಿ. ಗಾಳಿ ಮುಂದಿಂದ ಹೋಗಿ ಪ್ರೊಸೆಸರ್ ಸವರಿ ಹಿಂದೆ ಹೋಗ್ಲಿ ಅಂತ ಮಾಡಿರೋ ಡಬ್ಬ ಅದು, ಮುಚ್ಚಳ ತೆಗೆದ್ರೆ ಆ ಗಾಳಿ ದಾರಿ ತಪ್ಪುತ್ತೆ, ಇನ್ನೂ ಬಿಸಿ ಆಗುತ್ತೆ. ಸಾಮಾನ್ಯವಾಗಿ 35 ಡಿಗ್ರಿ ತನಕ ಅಂತ ಬರೆದಿರ್ತಾರೆ, ಅದು ರೂಮಿನ ಡಿಗ್ರಿ ಅಲ್ಲ, ಸರ್ವರಿನ ಮುಂದೆ ಒಳಕ್ಕೆ ಹೋಗೋ ಗಾಳೀದು, ರ‍್ಯಾಕ್ ಒಳಗೆ ರೂಮಿಗಿಂತ ಜಾಸ್ತೀನೇ ಇರುತ್ತೆ. ಖಾಲಿ ಜಾಗಕ್ಕೆಲ್ಲಾ ಬ್ಲಾಂಕಿಂಗ್ ಪ್ಲೇಟ್ ಹಾಕಿ, ಇಲ್ಲಾಂದ್ರೆ ಹಿಂದಿನ ಬಿಸಿ ಗಾಳಿ ಸುತ್ತಿ ಮುಂದಕ್ಕೇ ಬರುತ್ತೆ. ಪ್ಲೇಟಿಗೆ ದುಡ್ಡಿಲ್ಲ ಅಂದ್ರೆ ಅಳತೆಗೆ ಕತ್ತರಿಸಿದ ತಗಡಾದ್ರೂ ಸರಿ, ಅಂಚು ಉಜ್ಜಿ ಹಾಕಿ. ಎಸಿ ಆಫ್ ಮಾಡೋರಿಗೆ ಒಂದು ಡಿಸ್ಕಿನ ಬೆಲೆ ಎಷ್ಟು ಅಂತ ಕೇಳಿ.

ಪ್ರಶ್ನೆ: ಇಂಟರ್ನೆಟ್ ಫೈಬರ್ ಕೇಬಲ್ ತುದೀಲಿ ಲೈಟ್ ಬರ್ತಿದ್ಯಾ ಅಂತ ಕಣ್ಣಿಗೆ ಹಿಡಿದು ನೋಡಿದ್ರೆ ಗೊತ್ತಾಗಲ್ವಾ?

ಉತ್ತರ: ಗೊತ್ತಾಗಲ್ಲ, 1310, 1550 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣಲ್ಲ, ಕಾಣದೇನೇ ಕಣ್ಣೊಳಗೆ ಹೋಗುತ್ತೆ. ಬೆಳಕು ಅಳೆಯೋ ಪವರ್ ಮೀಟರ್ ಇಟ್ಟು ನೋಡಿ, ಖಾಲಿ ತುದಿಗೆ ಕ್ಯಾಪ್ ಹಾಕಿ. ಸ್ಪ್ಲೈಸ್ ಮಾಡೋವಾಗ, ಅಂದ್ರೆ ಫೈಬರ್ ಜೋಡಿಸೋವಾಗ, ಕತ್ತರಿಸಿದ ಚೂರನ್ನ ನೆಲಕ್ಕೆ ಬಿಸಾಕ್ಬೇಡಿ, ಅದು ಗಾಜು. ಮುಚ್ಚಳ ಇರೋ ಹಳೇ ಬಾಟಲಿಗೆ ಹಾಕಿ, ಸರ್ವರ್ ರೂಮಿಗೆ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಹೋಗೋ ಆಫೀಸುಗಳು ನಮ್ಮಲ್ಲಿ ಬೇಕಾದಷ್ಟಿವೆ.