ನೌರು: ಗಣಿ ಅಗೆದ ಜಾಗದಲ್ಲಿ ತೆಂಗು ಯಾಕೆ ಹಾಕಲಿಲ್ಲ?

ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ನೌರುವಿನವರು, ಗೊಬ್ಬರಕ್ಕೆ ಬಳಸುವ ಖನಿಜ ಫಾಸ್ಫೇಟ್ ಮುಗಿದ ಮೇಲೆ ಗಣಿ ಜಾಗದಲ್ಲೇ ತೆಂಗಿನ ತೋಟ ಮಾಡಬಹುದಿತ್ತಲ್ಲ ಅಂತ ಕೇಳಿದ್ದೀರಿ. ತೋಟಕ್ಕೆ ಮಣ್ಣೇ ಉಳಿದಿಲ್ಲ. ಫಾಸ್ಫೇಟ್ ಇದ್ದದ್ದು ಸುಣ್ಣಕಲ್ಲಿನ ಕಂಬಗಳ ಸಂದುಗಳಲ್ಲಿ. 1907ರಿಂದ ಅದನ್ನು ಬಾಚಿ ಬಾಚಿ ಹಡಗಿಗೆ ತುಂಬಿದರು. ಆಳೆತ್ತರ ಮೀರಿದ ಮೊನಚು ಕಲ್ಲುಗಳು ಮಾತ್ರ ಹಲ್ಲು ಕಿರಿದುಕೊಂಡು ನಿಂತಿವೆ. 21 ಚದರ ಕಿ.ಮೀ. ದ್ವೀಪದ ಬಹುಪಾಲು ಹೀಗೇ. ಬಿದ್ದ ಮಳೆ ಸಂದಿನಲ್ಲೇ ಇಂಗಿಹೋಗುತ್ತದೆ. ಕಲ್ಲು ಒಡೆದು, ಗುಂಡಿ ತುಂಬಿ, ಮೇಲೆ ಮಣ್ಣು ಹರಡಬೇಕು. ಅಷ್ಟು ಮಣ್ಣು ಎಲ್ಲಿಂದ ತರೋದು? ತೆಂಗು ಇರುವುದು ಕರಾವಳಿಯ ಕಿರಿದಾದ ಪಟ್ಟಿಯಲ್ಲಿ, ಮತ್ತೆ ಬುವಾಡಾ ಕೆರೆಯ ಸುತ್ತ. ಗಣಿಯಿಂದ ಹಾಳಾದ ನೆಲಕ್ಕಾಗಿ ನೌರು ಆಸ್ಟ್ರೇಲಿಯಾ ಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಹಾಕಿದ್ದ ಕೇಸು 1993ರಲ್ಲಿ ರಾಜಿಯಾಗಿ ಆಸ್ಟ್ರೇಲಿಯಾ ಪರಿಹಾರವನ್ನೇನೋ ಕೊಟ್ಟಿತು, ಆದರೆ ಹೋದ ಮಣ್ಣು ಬರಲಿಲ್ಲ.

ಈಗ ದುಡ್ಡು ಬರುವ ಒಂದು ದಾರಿ ಟ್ಯೂನಾ ಮೀನು. ವಿದೇಶಿ ದೋಣಿಗಳಿಗೆ ಕಿಲೋ ಲೆಕ್ಕವಲ್ಲ, ದಿನದ ಲೆಕ್ಕದಲ್ಲಿ ಪರವಾನಗಿ. ಹಿಡಿದದ್ದನ್ನು ಕಡಿಮೆ ತೋರಿಸಿದರೂ ಶುಲ್ಕ ಇಳಿಯಲ್ಲ, ಜಾಣತನದ ಲೆಕ್ಕ.