ಓದುಗರ ಪ್ರಶ್ನೆ: ವಿಶ್ವವಿದ್ಯಾಲಯದಲ್ಲಿ ಯಾರನ್ನು, ಏನು ಕೇಳಬೇಕು?

ಪ್ರಶ್ನೆ: ನಾನು ಕುಮಟಾ ತಾಲ್ಲೂಕಿನ ಅಘನಾಶಿನಿ ದಂಡೆಯ ಊರಿನವಳು. ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಕಡಲ ಜೀವಶಾಸ್ತ್ರದ ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದೇನೆ. ನಮ್ಮ ಮನೆಯಲ್ಲಿ ಇಷ್ಟು ಓದಿದವಳು ನಾನೇ ಮೊದಲು. ಸಿಕ್ಕ ಅವಕಾಶವನ್ನೆಲ್ಲ ಬಳಸಿಕೊಳ್ಳಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಮೊದಲ ಸೆಮಿಸ್ಟರ್ ತರಗತಿ, ಪ್ರಯೋಗಾಲಯ, ಹಾಸ್ಟೆಲ್ ಎನ್ನುವುದರಲ್ಲೇ ಕಳೆದುಹೋಯಿತು. ಏನು ಕೇಳಬೇಕೆಂದು ತೋಚದೆ ಪ್ರಾಧ್ಯಾಪಕರ ಕೊಠಡಿಯ ಬಾಗಿಲವರೆಗೆ ಹೋಗಿ ಮರಳಿದ್ದೇನೆ. ಎಲ್ಲಿಂದ ಆರಂಭಿಸಲಿ?
– ಹೆಸರು ಬೇಡ, ಕಾರವಾರ

ಉತ್ತರ: ಎಲ್ಲವನ್ನೂ ಬಳಸಿಕೊಳ್ಳಬೇಕೆಂಬ ಉಪದೇಶವನ್ನು ಮೊದಲು ಬದಿಗಿಡಿ. ಅದನ್ನು ಅಕ್ಷರಶಃ ಪಾಲಿಸಿದವರು ಎರಡು ವರ್ಷದ ಕೊನೆಗೆ ಕಾರ್ಯಾಗಾರಗಳ ಪ್ರಮಾಣಪತ್ರಗಳಿಂದ ತುಂಬಿದ ಕಡತವೊಂದನ್ನು ಕಂಕುಳಲ್ಲಿಟ್ಟುಕೊಂಡು ಹೊರಬರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸಂದರ್ಶನದಲ್ಲಿ ಆ ಕಡತವನ್ನು ಯಾರೂ ಬಿಡಿಸಿ ನೋಡುವುದಿಲ್ಲ. ನೀವು ಯಾವ ವಿಷಯದ ಮೇಲೆ ಕೆಲಸ ಮಾಡಿದಿರಿ ಎಂದಷ್ಟೇ ಕೇಳುತ್ತಾರೆ. ಆದ್ದರಿಂದ ಈ ಸೆಮಿಸ್ಟರ್ ಮುಗಿಯುವುದರೊಳಗೆ ನಿಮ್ಮದೇ ಆದ ಒಂದು ಪ್ರಶ್ನೆಯನ್ನು ಹಿಡಿಯಿರಿ. ಗ್ರಂಥಾಲಯ, ಪ್ರಾಧ್ಯಾಪಕರು, ಫೆಲೋಶಿಪ್ ಇವೆಲ್ಲ ಆ ಪ್ರಶ್ನೆ ಇದ್ದವರ ಉಪಯೋಗಕ್ಕೆ ಬರುತ್ತವೆ. ಅದಿಲ್ಲದೆ ಹೋದವರಿಗೆ ಗ್ರಂಥಾಲಯದಲ್ಲಿ ಕಾಣುವುದು ಕಪಾಟುಗಳು ಮಾತ್ರ.

ಪ್ರಶ್ನೆಯನ್ನು ಹುಡುಕಲು ನೀವು ದೂರ ಹೋಗಬೇಕಾಗಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವವರನ್ನು ನೀವು ಚಿಕ್ಕಂದಿನಿಂದ ನೋಡಿರುತ್ತೀರಿ. ಆ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆ ದೊರೆಯಿತು. ಮಳೆಗಾಲದಲ್ಲಿ ನದಿಯ ಸಿಹಿನೀರು ಏರಿ ಉಪ್ಪಿನಂಶ ಕುಸಿದಾಗ ಬಳಚಿನ ಮರಿಗಳು ಎಷ್ಟರಮಟ್ಟಿಗೆ ಉಳಿಯುತ್ತವೆ, ಯಾವ ತಿಂಗಳಲ್ಲಿ ಸಣ್ಣ ಗಾತ್ರದವು ಹೆಚ್ಚಾಗಿ ಸಿಗುತ್ತವೆ, ಆರಿಸುವವರು ಹೇಳುವ ಲೆಕ್ಕಕ್ಕೂ ಅಳೆದು ನೋಡಿದ ಲೆಕ್ಕಕ್ಕೂ ತಾಳೆಯಾಗುತ್ತದೆಯೇ ಎಂಬಂಥ ಪ್ರಶ್ನೆಗಳು ಎಂ.ಎಸ್ಸಿ. ಮಟ್ಟಕ್ಕೆ ಧಾರಾಳವಾಗಿ ಸಾಕು. ಊರಿನವರು ನಿಮ್ಮನ್ನು ದೋಣಿಗೆ ಹತ್ತಿಸಿಕೊಳ್ಳುತ್ತಾರೆ. ಬೆಂಗಳೂರಿನಿಂದ ಬಂದ ಸಂಶೋಧಕರಿಗೆ ಆ ಸಲಿಗೆ ಬೆಳೆಯಲು ತಿಂಗಳುಗಳೇ ಬೇಕಾಗುತ್ತವೆ.

ಪ್ರಶ್ನೆ ಸಿಕ್ಕ ಮೇಲೆ ‘ಶೋಧಗಂಗಾ’ ಜಾಲತಾಣಕ್ಕೆ ಹೋಗಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅಲ್ಲಿ ಎಲ್ಲರಿಗೂ ತೆರೆದಿಟ್ಟಿದೆ, ಶುಲ್ಕವಿಲ್ಲ. ಪ್ರಬಂಧವನ್ನು ಮೊದಲ ಪುಟದಿಂದ ಓದಲು ಕೂತರೆ ಪೀಠಿಕೆಯಲ್ಲೇ ನಿದ್ದೆ ಬರುತ್ತದೆ. ನೇರವಾಗಿ ವಿಧಾನದ ಅಧ್ಯಾಯವನ್ನು ತೆಗೆಯಿರಿ: ಮಾದರಿಗಳನ್ನು ಯಾವ ಜಾಗಗಳಿಂದ, ಯಾವ ತಿಂಗಳುಗಳಲ್ಲಿ, ಭರತದಲ್ಲೋ ಇಳಿತದಲ್ಲೋ ತೆಗೆದರು, ಉಪ್ಪಿನಂಶವನ್ನು ಯಾವ ಉಪಕರಣದಿಂದ ಅಳೆದರು ಎಂಬುದನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಂತರ ಕೊನೆಯ ಗ್ರಂಥಋಣವನ್ನು ನೋಡಿ, ಹೆಚ್ಚು ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ನಾಲ್ಕೈದು ಲೇಖನಗಳನ್ನು ಗುರುತಿಸಿ.

ಆ ಲೇಖನಗಳು ಹಣ ಕೇಳಿದರೆ ಹಿಂಜರಿಯಬೇಡಿ. ಕೇಂದ್ರ ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಜಾರಿಯಲ್ಲಿದೆ. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಯನ್ನು ಮೀಸಲಿಟ್ಟು, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುವ ಯೋಜನೆಯಿದು. ಇದನ್ನು ನಿಮ್ಮ ಮೊಬೈಲಿಗೆ ಯಾರೂ ತಂದುಕೊಡುವುದಿಲ್ಲ. ಗ್ರಂಥಪಾಲಕರ ಬಳಿಗೆ ಹೋಗಿ, ನಿಮ್ಮ ಹೆಸರಿನಲ್ಲಿ ಲಾಗಿನ್ ಮಾಡಿಸಿಕೊಳ್ಳಲು ಏನು ಬೇಕು, ಹಾಸ್ಟೆಲಿನಿಂದಲೂ ತೆರೆಯಲು ಬರುತ್ತದೆಯೇ ಎಂದು ವಿಚಾರಿಸಿ. ವಿದ್ಯಾರ್ಥಿಗಳು ಅತಿ ಕಡಿಮೆ ಮಾತನಾಡಿಸುವ, ಆದರೆ ಅತಿ ಹೆಚ್ಚು ನೆರವಾಗಬಲ್ಲ ವ್ಯಕ್ತಿ ಗ್ರಂಥಪಾಲಕರೇ ಎಂಬುದು ನನ್ನ ಅಭಿಪ್ರಾಯ.

ಈಗ ಪ್ರಾಧ್ಯಾಪಕರ ಬಾಗಿಲಿಗೆ ಬರೋಣ. ‘ಸರ್, ನನಗೆ ಏನಾದರೂ ಪ್ರಾಜೆಕ್ಟ್ ಕೊಡಿ’ ಎಂದರೆ ‘ನೋಡೋಣ’ ಎಂಬ ಉತ್ತರ ಬರುತ್ತದೆ. ಅವರೂ ಮನುಷ್ಯರು, ಅವರ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು ಇರುತ್ತದೆ. ಅದರ ಬದಲು ಆ ಒಂದು ಪುಟದ ಟಿಪ್ಪಣಿಯನ್ನು ಕೈಯಲ್ಲಿ ಹಿಡಿದು, ‘ಸರ್, ಅಳಿವೆಯ ಬಳಚಿನ ಮೇಲಿನ ಎರಡು ಪ್ರಬಂಧಗಳನ್ನು ಓದಿದೆ. ಎರಡರಲ್ಲೂ ಜುಲೈ ತಿಂಗಳ ಮಾಹಿತಿ ಕಡಿಮೆ ಇದೆ. ನಮ್ಮೂರಿನಲ್ಲಿ ನಾನು ಅದನ್ನು ಸಂಗ್ರಹಿಸಬಹುದೇ?’ ಎಂದು ಕೇಳಿ ನೋಡಿ. ಅವರು ಕುರ್ಚಿ ತೋರಿಸುತ್ತಾರೆ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ, ಅದೂ ಲಾಭವೇ. ದೊಡ್ಡ ಕ್ಯಾಂಪಸ್ಸಿನಲ್ಲಿ ಇಂಥ ಹದಿನೈದು ನಿಮಿಷಕ್ಕೆ ಸರದಿ ಕಾಯಬೇಕಾಗುತ್ತದೆ. ಚಿಕ್ಕ ಕೇಂದ್ರದಲ್ಲಿ ಓದುವವರಿಗೆ ಇರುವ ಅನುಕೂಲವೇ ಇದು.

ವಿಭಾಗದ ಮುಖ್ಯಸ್ಥರಿಂದ ಪತ್ರ ಪಡೆದು ಕಾರವಾರದಲ್ಲೇ ಇರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೂ ಹೋಗಿ ಬನ್ನಿ. ಸಮುದ್ರದಲ್ಲಿ ಪಂಜರ ಹಾಕಿ ಮೀನು ಸಾಕುವ ಕೆಲಸವನ್ನು ಪುಸ್ತಕದಲ್ಲಿ ಓದುವುದಕ್ಕೂ ಅದನ್ನು ಮಾಡುವವರ ಜೊತೆ ಒಂದು ದಿನ ಇರುವುದಕ್ಕೂ ಬಹಳ ಅಂತರವಿದೆ.

ಒಂದು ಎಚ್ಚರಿಕೆ ದಿನಾಂಕಗಳದ್ದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೈತಖೋಲ ಬಂದರಿಗೆ ಇಳಿಯುವ ಮೀನಿನ ಲೆಕ್ಕ ಬೇಕಾದವರು ರಜೆ ಸಿಕ್ಕ ಮೇಲೆ ಶುರು ಮಾಡುತ್ತೇನೆ ಎಂದುಕೊಂಡರೆ ಖಾಲಿ ದಕ್ಕೆಯನ್ನು ನೋಡಿ ಬರಬೇಕಾಗುತ್ತದೆ. ಹಾಗೆಯೇ ಬೇಸಿಗೆಯ ಅವಕಾಶಗಳಿಗೆ ಅರ್ಜಿ ಕರೆಯುವುದು ಬೇಸಿಗೆಯಲ್ಲಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನೀಡುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿ ಸಲ್ಲಿಸಬೇಕಾಗುತ್ತದೆ. ಅದಕ್ಕೆ ಒಂದು ಚಿಕ್ಕ ಬರಹವೂ ನಿಮ್ಮನ್ನು ಬಲ್ಲ ಪ್ರಾಧ್ಯಾಪಕರ ಶಿಫಾರಸೂ ಬೇಕು. ಬಾಗಿಲಿನಿಂದಲೇ ಮರಳಿದವರ ಬಗ್ಗೆ ಅವರು ಏನೆಂದು ಬರೆದಾರು?

ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ಕೋರ್ಸುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದೇ ಒಂದನ್ನು ಆರಿಸಿಕೊಳ್ಳಿ, ಅದು ಸಂಖ್ಯಾಶಾಸ್ತ್ರದ್ದಾಗಿರಲಿ. ಜೀವಶಾಸ್ತ್ರದವರು ತಡವರಿಸುವುದು ಅಲ್ಲಿಯೇ.

ಪ್ರಶ್ನೆ: ನಮ್ಮ ಮಾಣಿ ಶಿರಸಿಯಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದಾನೆ. ಕಾಲೇಜಿಗೆ ಹೋದಾಗಿನಿಂದ ಎನ್ನೆಸ್ಸೆಸ್, ತಾಳಮದ್ದಳೆ ಎಂದು ಓಡಾಡುವುದೇ ಹೆಚ್ಚಾಗಿದೆ. ಅಂಕ ಸ್ವಲ್ಪ ಇಳಿದಿದೆ. ಅವನನ್ನು ತಡೆಯಬೇಕೇ?
– ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು

ಉತ್ತರ: ತಡೆಯಬೇಡಿ. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ (ಪಾತ್ರದ ಮಾತನ್ನಾಡುವವರು) ಎತ್ತಿದ ಮಾತಿಗೆ ಸ್ಥಳದಲ್ಲೇ ಉತ್ತರ ಕಟ್ಟಲು ಕಲಿತ ಹುಡುಗನಿಗೆ ಮುಂದೆ ವಕೀಲಿಕೆಯಿರಲಿ, ಅಧ್ಯಾಪನವಿರಲಿ, ಯಾವ ಸಂದರ್ಶನ ಕೊಠಡಿಯೂ ಹೆದರಿಕೆ ಹುಟ್ಟಿಸುವುದಿಲ್ಲ. ಆದರೆ ಹಾಜರಾತಿಯ ಪಟ್ಟಿಯನ್ನು ತಿಂಗಳಿಗೊಮ್ಮೆ ನೀವೇ ಕೇಳಿ ನೋಡಿ, ಅದು ಶೇ. 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರುವುದಕ್ಕೇ ತೊಡಕು. ಅವನು ಕನ್ನಡವನ್ನು ಐಚ್ಛಿಕವಾಗಿ ಓದುತ್ತಿದ್ದರೆ, ತಾನು ಅರ್ಥ ಹೇಳಿದ ಪ್ರಸಂಗವನ್ನೇ ಇಟ್ಟುಕೊಂಡು ವಿಭಾಗದಲ್ಲಿ ಒಂದು ಸೆಮಿನಾರ್ ಮಂಡಿಸಲಿ. ರಾತ್ರಿಯ ಹವ್ಯಾಸ ಹಗಲಿನ ಓದಿಗೆ ಕೂಡಿಕೊಳ್ಳುತ್ತದೆ.

ಎನ್ನೆಸ್ಸೆಸ್ ವಿಷಯದಲ್ಲಿ ಒಂದನ್ನು ಈಗಲೇ ಖಚಿತಪಡಿಸಿಕೊಳ್ಳಲು ಹೇಳಿ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯ ಜೊತೆಗೆ ಒಂದು ವಿಶೇಷ ಶಿಬಿರವನ್ನೂ ಮುಗಿಸಿದವರಿಗೆ ಪ್ರಮಾಣಪತ್ರ ದೊರೆಯುತ್ತದೆ. ಗಂಟೆಗಳು ದಿನಚರಿ ಪುಸ್ತಕದಲ್ಲಿ ದಾಖಲಾಗಿ ಕಾರ್ಯಕ್ರಮಾಧಿಕಾರಿಗಳ ಸಹಿ ಬಿದ್ದಿರಬೇಕು. ಕೆಲಸವನ್ನೆಲ್ಲ ಮಾಡಿ ಸಹಿ ಹಾಕಿಸಿಕೊಳ್ಳದೆ ಅಂತಿಮ ವರ್ಷದಲ್ಲಿ ಕಚೇರಿ ಸುತ್ತುವ ಹುಡುಗರು ಪ್ರತಿ ಕಾಲೇಜಿನಲ್ಲೂ ಇದ್ದಾರೆ.