ಕೆಟ್ಟ ದೀಪದ ಸುದ್ದಿ ಮೊದಲು ಕಡಲಿಗೆ ಹೋಗಲಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವನ್ನು ಮುಂದಿನ ವಾರಕ್ಕೆ ಎತ್ತಿಟ್ಟಿದ್ದೇನೆ. ಬರೆದವರು ಕುಮಟಾ ಕಡೆಯ ಹೆಣ್ಣುಮಗಳು. ನೌಕಾಮಾರ್ಗದ ಸುರಕ್ಷತಾ ಮಾನದಂಡಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರಿ ವಿಭಾಗವೊಂದರಲ್ಲಿ ವ್ಯವಸ್ಥಾಪಕಿ. ಬಂದರಿನ ಕಾಲುವೆಯ ಅಂಚು ತೋರಿಸುವ, ನೀರಿನಲ್ಲಿ ತೇಲುವ ಗುರುತುಗಳಾದ ಬೋಯ್‌ಗಳ ದೀಪಗಳು ನಿಗದಿತ ಮಟ್ಟದಲ್ಲಿ ಉರಿಯುತ್ತಿವೆಯೇ ಎಂದು ಪರಿಶೀಲಿಸಿ, ವರದಿಗೆ ಸಹಿ ಹಾಕುವುದು ಅವರ ಕೆಲಸ. ಅವರ ವ್ಯಾಪ್ತಿಯ ಒಂದು ಸಣ್ಣ ಬಂದರಿನಲ್ಲಿ, ಅಳಿವೆ ಬಾಗಿಲಿನ ಹೊರಗಿರುವ ಕೆಂಪು ಬೋಯ್‌ನ ದೀಪ ಜೂನ್ ಮೂರನೆಯ ವಾರದ ಗಾಳಿಮಳೆಗೆ ಕೆಟ್ಟಿದೆ. ಅದರ ನಿರ್ವಹಣೆಯ ಗುತ್ತಿಗೆ ಇರುವುದು ಅವರ ಗಂಡನ ಅಣ್ಣನ ಕೈಯಲ್ಲಿ. ವರದಿಯಲ್ಲಿ ‘ದೀಪ ಕೆಟ್ಟ ದಿನ’ ಎಂಬ ಕಡೆ ಜೂನ್ ತಿಂಗಳ ದಿನಾಂಕದ ಬದಲು, ಬಂದರು ಕಚೇರಿಯಲ್ಲಿ ದೂರು ದಾಖಲಾದ ಆಗಸ್ಟ್ 5 ಎಂದು ಬರೆದುಬಿಟ್ಟರೆ ದಂಡವೂ ಇಲ್ಲ, ಗುತ್ತಿಗೆಯೂ ಉಳಿಯುತ್ತದೆ ಎಂಬುದು ಭಾವನ ಕೋರಿಕೆ. ಗಂಡನನ್ನು ಓದಿಸಿ, ಇವರ ಮನೆ ಸಾಲಕ್ಕೆ ಜಾಮೀನು ನಿಂತವರೂ ಆ ಭಾವನೇ. ಅತ್ತೆಯವರು ಫೋನಿನಲ್ಲಿ “ಉಂಡ ಮನೆಯ ಗಳ ಹಿರಿಯಬೇಡ” ಎಂದಿದ್ದಾರೆ. ಸಹಿ ಹಾಕಲೇ, ಬೇಡವೇ ಎಂಬುದು ಇವರ ಪ್ರಶ್ನೆ.

ತಂಗಿ, ನಿಮ್ಮ ಪ್ರಶ್ನೆಗೆ ಉತ್ತರ ನಿಮಗೇ ಗೊತ್ತಿದೆ, ಆದ್ದರಿಂದ ಅದಕ್ಕೆ ಆಮೇಲೆ ಬರುತ್ತೇನೆ. ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಪತ್ರದ ಮೂರನೆಯ ಪುಟದ ತುದಿಯಲ್ಲಿ, ಬೇರೇನೋ ಹೇಳುವ ನಡುವೆ ನೀವು ಬರೆದ ಎರಡು ವಾಕ್ಯಗಳು. “ಸದ್ಯಕ್ಕೆ ಬೋಟಿನವರೇ ಒಂದು ಸೋಲಾರ್ ದೀಪವನ್ನು ಹಗ್ಗದಿಂದ ಬೋಯ್‌ಗೆ ಕಟ್ಟಿದ್ದಾರೆ, ಹಾಗಾಗಿ ಪೂರ್ತಿ ಕತ್ತಲೆಯೇನೂ ಇಲ್ಲ. ಎಚ್ಚರಿಕೆ ಪ್ರಕಟಿಸಿದರೆ ದಿನಾಂಕ ದಾಖಲಾಗಿಬಿಡುತ್ತದೆಂದು ಭಾವ ಹೇಳಿದ್ದರಿಂದ ಬಂದರಿನವರೂ ಸುಮ್ಮನಿದ್ದಾರೆ.”

ಈ ಎರಡು ವಾಕ್ಯಗಳ ಅರ್ಥವನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು. ಆದರೂ ಉಳಿದ ಓದುಗರಿಗಾಗಿ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಹೊರಗಿನಿಂದ ಬಂದರಿಗೆ ಬರುವ ಹಡಗು ಕೆಂಪು ಬೋಯನ್ನು ಎಡಕ್ಕೂ ಹಸಿರು ಬೋಯನ್ನು ಬಲಕ್ಕೂ ಬಿಟ್ಟುಕೊಂಡು ಒಳಗೆ ಬರಬೇಕು. ಕೆಂಪು ಬೋಯ್‌ನ ಮೇಲೆ ಉರಿಯುವುದು ಕೆಂಪು ದೀಪವೇ. ಅದು ಎಷ್ಟು ಸೆಕೆಂಡಿಗೊಮ್ಮೆ ಮಿನುಗುತ್ತದೆ ಎಂಬುದು ನಕ್ಷೆಯಲ್ಲಿ ಅಚ್ಚಾಗಿರುತ್ತದೆ, ರಾತ್ರಿ ಬರುವವನು ಆ ಮಿನುಗನ್ನು ಎಣಿಸಿ ತಾನೆಲ್ಲಿದ್ದೇನೆಂದು ಖಚಿತಪಡಿಸಿಕೊಳ್ಳುತ್ತಾನೆ. ಈಗ ಅಲ್ಲಿರುವುದು ಮಿನುಗದೆ ಒಂದೇ ಸಮ ಉರಿಯುವ ಬಿಳಿ ದೀಪ. ಲಂಗರು ಹಾಕಿ ನಿಂತ ದೋಣಿಯ ದೀಪವೂ ಬಿಳಿಯೇ, ಮುಂದೆ ಸಾಗುತ್ತಿರುವ ದೋಣಿಯ ಹಿಂಬದಿ ದೀಪವೂ ಬಿಳಿಯೇ. ನಿಂತ ದೋಣಿಯೆಂದು ತಿಳಿದವನು ಅದರ ಯಾವ ಬದಿಯಿಂದಲಾದರೂ ದಾಟಿಯಾನು, ಮತ್ತು ಒಂದು ಬದಿಯಲ್ಲಿ ಮರಳದಿಬ್ಬ ಇದೆಯೆಂದು ನೀವೇ ಬರೆದಿದ್ದೀರಿ. ದೀಪ ಕಟ್ಟಿದ ಬೋಟಿನವರಿಗೆ ಅದು ಗೊತ್ತು; ಪಾಪ, ಯಾರೂ ಮಾಡದ ಕೆಲಸವನ್ನು ಅವರು ತಮ್ಮ ಕೈಲಾದಂತೆ ಮಾಡಿದ್ದಾರೆ. ಬೇರೆ ಬಂದರಿನಿಂದ ನಸುಕಿನಲ್ಲಿ ಮೀನು ಇಳಿಸಲು ಬರುವ ತಾಂಡೇಲನಿಗೆ, ಅಂದರೆ ಬೋಟು ನಡೆಸುವವನಿಗೆ, ಅದು ಗೊತ್ತಿಲ್ಲ. ಜೂನ್ ಮತ್ತು ಜುಲೈ ಮೀನುಗಾರಿಕೆ ನಿಷೇಧದ ಕಾಲವಾದ್ದರಿಂದ ಈ ದೀಪದ ಕಡೆ ಯಾರ ಗಮನವೂ ಹೋಗಲಿಲ್ಲ. ಆಗಸ್ಟ್ 1ರಿಂದ ಬೋಟುಗಳು ಮತ್ತೆ ಕಡಲಿಗಿಳಿದಿವೆ.

ಸರಿಯಾಗಿ ಗುರುತು ಹಾಕಿ, ಎಚ್ಚರಿಕೆ ಕೊಟ್ಟಾಗಲೂ ಸಮುದ್ರದಲ್ಲಿ ಏನಾಗುತ್ತದೆ ಎಂಬುದಕ್ಕೆ ಇಂಗ್ಲಿಷ್ ಕಡಲ್ಗಾಲುವೆಯ ಘಟನೆ ಸಾಕು. 2002ರ ಡಿಸೆಂಬರ್ 14ರಂದು ಕಾರುಗಳನ್ನು ಸಾಗಿಸುತ್ತಿದ್ದ ‘ಟ್ರೈಕಲರ್’ ಎಂಬ ಹಡಗು ಅಲ್ಲಿ ಡಿಕ್ಕಿಯಾಗಿ ಮುಳುಗಿತು. ಕಾವಲು ಹಡಗು ನಿಂತಿದ್ದರೂ, ರೇಡಿಯೊದಲ್ಲಿ ಎಚ್ಚರಿಕೆ ಸಾರುತ್ತಿದ್ದರೂ ಎರಡೇ ದಿನದಲ್ಲಿ ‘ನಿಕೋಲಾ’ ಎಂಬ ಹಡಗು ಆ ಅವಶೇಷಕ್ಕೆ ಬಡಿಯಿತು, ಹೊಸ ವರ್ಷದ ಮೊದಲ ದಿನ ‘ವಿಕಿ’ ಎಂಬ ತೈಲ ಹಡಗು ಬಡಿಯಿತು. ಹೊಸದಾಗಿ ಮುಳುಗಿದ ಹಡಗಿನ ಮೇಲೆ ನೀಲಿ–ಹಳದಿ ಪಟ್ಟೆಯ ತುರ್ತು ಬೋಯ್ ಇಡುವ ಪದ್ಧತಿ ಬಂದದ್ದು ಆ ಅನುಭವದಿಂದ. ಎಚ್ಚರಿಕೆ ಕೇಳಿದವರೇ ಎಡವುವ ಜಾಗದಲ್ಲಿ ನಿಮ್ಮ ಬಂದರು ಎಚ್ಚರಿಕೆಯನ್ನೇ ತಡೆಹಿಡಿದು ಕೂತಿದೆ.

ಭಾವನ ಮೇಲೆ ನನಗೆ ನೀವು ನಿರೀಕ್ಷಿಸಿದಷ್ಟು ಕೋಪವಿಲ್ಲ. ಮಳೆಗಾಲದ ಅಬ್ಬರದಲ್ಲಿ ಅಳಿವೆ ದಾಟಿ ಹೋಗಿ ಬೋಯ್ ಹತ್ತಿ ದೀಪ ಬದಲಿಸುವುದು ಯಾರಿಗೂ ಸಾಧ್ಯವಾಗದ ಮಾತು, ಹೊಸ ದೀಪ ಊರಿಂದೂರಿಗೆ ಬರುವುದಕ್ಕೂ ಸಮಯ ಬೇಕು. ದೀಪ ಕೆಡುವುದು ಅಪರಾಧವಲ್ಲವಾದ್ದರಿಂದಲೇ ಇಂಥ ನೌಕಾ ಗುರುತುಗಳ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯಾಲಾ ಲಭ್ಯತೆಯ ಮಟ್ಟವನ್ನು, ಅಂದರೆ ದೀಪ ಸರಿಯಾಗಿ ಉರಿಯಲೇಬೇಕಾದ ಕಾಲದ ಪಾಲನ್ನು, ಎಲ್ಲಿಯೂ ನೂರಕ್ಕೆ ನೂರು ಎಂದಿಟ್ಟಿಲ್ಲ. ಮಹತ್ವಕ್ಕೆ ತಕ್ಕಂತೆ ಶೇ 99.8, 99, 97 ಎಂದು ಮೂರು ದರ್ಜೆ ಮಾಡಿ, ಮೂರು ವರ್ಷಗಳ ಲೆಕ್ಕ ಹಿಡಿಯುತ್ತದೆ. ನಿಮ್ಮ ಬೋಯ್ ಎರಡನೆಯ ದರ್ಜೆಯದು. ಮೂರು ವರ್ಷಕ್ಕೆ ಹನ್ನೊಂದು ದಿನದಷ್ಟು ಕತ್ತಲೆಗೆ ಅವಕಾಶ. ಜೂನ್‌ನಿಂದ ಎಣಿಸಿದರೆ ಎರಡು ತಿಂಗಳ ಹತ್ತಿರವಾಗುತ್ತದೆ, ಕೆಳಗಿನ ದರ್ಜೆಯ ಮೂವತ್ಮೂರು ದಿನವನ್ನೂ ಅದು ಮೀರುತ್ತದೆ. ಆಗಸ್ಟ್ 5ರಿಂದ ಎಣಿಸಿದರೆ ಎಲ್ಲವೂ ಮಿತಿಯೊಳಗೆ. ಭಾವ ಕೇಳುತ್ತಿರುವುದು ಈ ಒಂದು ದಿನಾಂಕವನ್ನು. ಮಳೆಗಾಲದ ಕಾರಣವನ್ನು ಬರೆದು ವಿನಾಯಿತಿ ಕೇಳುವ ದಾರಿ ಅವರಿಗೆ ಮುಚ್ಚಿರಲಿಲ್ಲ, ಈಗಲೂ ಮುಚ್ಚಿಲ್ಲ.

ಅತ್ತೆಯವರನ್ನೂ ಬಿಟ್ಟುಬಿಡಿ. ಹಿರಿಯ ಮಗನ ಹೊಟ್ಟೆಪಾಡು ಅವರ ಕಣ್ಣಿಗೆ ಕಾಣುತ್ತದೆ. ಅಳಿವೆ ಬಾಗಿಲು ಕಾಣುವುದಿಲ್ಲ.

ನಾನು ಬಿಡಲಾರದವರು ನಿಮ್ಮ ಯಜಮಾನರನ್ನು. ಅವರ ಬಗ್ಗೆ ನೀವು ಬರೆದದ್ದು ಇಷ್ಟೇ: “ಅಣ್ಣನಿಗೆ ಅವರು ‘ಅವಳೇ ನೋಡುವುದಲ್ಲವಾ, ಆಗುತ್ತದೆ ಬಿಡು’ ಅಂದಿದ್ದರಂತೆ. ಈಗ ಕೇಳಿದರೆ ಇದು ನಿಮ್ಮಿಬ್ಬರ ವಿಷಯ, ನನ್ನನ್ನು ಎಳೆಯಬೇಡಿ ಎನ್ನುತ್ತಾರೆ.” ಮನೆಯ ಜಗಳದಲ್ಲಿ ತಟಸ್ಥನಾಗಿ ಕೂತವನು ಆಗಲೇ ಒಂದು ಪಕ್ಷ ಸೇರಿರುತ್ತಾನೆ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೊಮ್ಮೆ ಬರೆಯುತ್ತೇನೆ. ಹೆಂಡತಿಯ ಸಹಿಯನ್ನು ಅವಳನ್ನು ಕೇಳದೆ ಇನ್ನೊಬ್ಬರಿಗೆ ಮಾತು ಕೊಟ್ಟು, ಆಮೇಲೆ ಕೈತೊಳೆದುಕೊಂಡು ಕೂತ ಗಂಡನೇ ಈ ಇಡೀ ಸಂಕಟವನ್ನು ನಿಮ್ಮ ಮೇಜಿಗೆ ತಂದಿಟ್ಟವರು. ಭಾವನಿಗೆ ‘ಆಗದು’ ಎನ್ನುವ ಕೆಲಸ ಮೊದಲು ಅವರದಾಗಿತ್ತು. ಜಾಮೀನಿನ ಋಣ ಅಣ್ಣತಮ್ಮಂದಿರ ನಡುವಿನದು. ಅದನ್ನು ತೀರಿಸಲು ಸಾರ್ವಜನಿಕರ ದೀಪವನ್ನು ಒತ್ತೆಯಿಡುವ ಹಕ್ಕು ಅವರಿಗಿಲ್ಲ.

ಇನ್ನು ಸಹಿಯ ವಿಷಯ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ ‘ಕುಟುಂಬದ ಸದಸ್ಯರು’ ಎಂಬ ಮಾತಿಗೆ ಕೊಟ್ಟ ವಿವರಣೆಯೊಳಗೆ ಸ್ವತಂತ್ರವಾಗಿ ದುಡಿಯುವ ಭಾವ ಬರುವುದಿಲ್ಲ ಎಂದು ಯಾರಾದರೂ ನಿಮಗೆ ಸಮಾಧಾನ ಹೇಳಬಹುದು. ಒಪ್ಪಬೇಡಿ. ತನ್ನ ಕರ್ತವ್ಯಕ್ಕೆ ತಗಲುವ ಖಾಸಗಿ ಹಿತಾಸಕ್ತಿಯನ್ನು ನೌಕರರು ತಾವಾಗಿಯೇ ತಿಳಿಸಬೇಕು, ಸಾರ್ವಜನಿಕ ಹಿತ ಉಳಿಯುವಂತೆ ಅದನ್ನು ಬಗೆಹರಿಸಿಕೊಳ್ಳಬೇಕು ಎಂಬ ಮಾತು 2014ರ ತಿದ್ದುಪಡಿಯಿಂದ ಅದೇ ನಿಯಮಗಳಲ್ಲಿದೆ. ಹಾಗೆ ತಿಳಿಸಿ ಕಡತವನ್ನು ಮೇಲಧಿಕಾರಿಗೆ ಒಪ್ಪಿಸಿದ ಮೇಲೆ ಸಹಿ ಹಾಕುವ ಪ್ರಶ್ನೆ ನಿಮ್ಮ ಮುಂದೆ ಉಳಿಯುವುದಿಲ್ಲ. ಗುತ್ತಿಗೆ ಭಾವನಿಗೆ ಸಿಕ್ಕ ದಿನವೇ ಇದನ್ನು ಮಾಡಬೇಕಿತ್ತು. ಈ ವಾರ ಮಾಡಿ.

ಆದರೆ ಅದಕ್ಕೂ ಮೊದಲು, ಈ ಪುಟವನ್ನು ಮಡಿಸಿಟ್ಟ ತಕ್ಷಣ ಮಾಡಬೇಕಾದದ್ದು ಒಂದೇ ಕೆಲಸ. ಎಚ್ಚರಿಕೆ ಹೊರಡಿಸಿ. ಬೋಯ್, ದೀಪಗಳಂಥ ನೌಕಾಯಾನದ ನೆರವುಗಳ ಕುರಿತ ಮಾಹಿತಿ ಸಂಬಂಧಪಟ್ಟ ಎಲ್ಲರಿಗೂ ತಲುಪಬೇಕೆಂದು, ಕಡಲಿನಲ್ಲಿ ಜೀವರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಸೋಲಾಸ್ ಒಪ್ಪಂದದ ಐದನೆಯ ಅಧ್ಯಾಯದ 13ನೆಯ ನಿಯಮ ಸರ್ಕಾರಗಳಿಗೆ ಹೇಳುತ್ತದೆ, ಮತ್ತು ಆ ಬಂದರಿನ ಮಟ್ಟಿಗೆ ಆ ಸರ್ಕಾರ ಎಂದರೆ ನೀವು. ಬೋಯ್‌ನ ಹೆಸರು, ಸ್ಥಾನ, ಕೆಂಪು ದೀಪ ಆರಿದೆ, ಜೂನ್‌ನ ಇಂಥ ದಿನದಿಂದ, ಅದರ ಮೇಲೆ ಅನಧಿಕೃತ ಬಿಳಿ ದೀಪ ಉರಿಯುತ್ತಿದೆ, ಜಾಗರೂಕರಾಗಿ ಸಾಗಿರಿ: ಇಷ್ಟನ್ನು ಬರೆದು ಬಂದರು ಅಧಿಕಾರಿಗೆ ಕಳುಹಿಸಿ. ಸಂಜೆಯೊಳಗೆ ಹಡಗು, ಬೋಟುಗಳು ಕೇಳುವ ರೇಡಿಯೊ ತರಂಗವಾದ ವಿಎಚ್‌ಎಫ್‌ನಲ್ಲಿ ಸಾರಲು, ಡೆಹ್ರಾಡೂನಿನ ನೌಕಾ ಜಲಮಾಪನ ಕಚೇರಿಗೆ ತಿಳಿಸಲು, ಮೀನುಗಾರರ ಸಂಘದ ಬಾಗಿಲಿಗೆ ಕನ್ನಡದಲ್ಲೋ ಅಲ್ಲಿಯ ಭಾಷೆಯಲ್ಲೋ ಒಂದು ಪ್ರತಿ ಅಂಟಿಸಲು ಲಿಖಿತವಾಗಿ ಹೇಳಿ. ಎಚ್ಚರಿಕೆ ಹೋಗಿದೆಯೆಂದು ಖಚಿತವಾದ ಮೇಲೆ ಭಾವನಿಗೆ ನೀವೇ ಫೋನ್ ಮಾಡಿ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ. ಮೊದಲು ಮಾಡಬೇಡಿ.